ಮೀರಾಳ ಅಳತೆಗೆ ಇಳಿದ ಬಂದೂಕು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸ್ವೀಡನ್ನಿನ ಕಾರ್ಲ್‌ಸ್ಟಾಡ್‌ನ ಹಳೆಯ ಶಾಲೆಯೊಂದರ ನೆಲಮಾಳಿಗೆಯಲ್ಲಿ ಸೆವೆರಿನ್ ಲೋಬೋ ಬಂದೂಕಿನ ಮರವನ್ನು ಮರಳು ಕಾಗದದಿಂದ ಉಜ್ಜುತ್ತಿದ್ದಾರೆ. ಸ್ವಲ್ಪ ಉಜ್ಜುವುದು, ಕಿಟಕಿಯ ಬಳಿ ಹೋಗುವುದು, ಮತ್ತೆ ಬಂದು ಉಜ್ಜುವುದು. ಕಿಟಕಿ ಇರುವುದು ಗೋಡೆಯ ಮೇಲ್ತುದಿಯಲ್ಲಿ. ಅದರಲ್ಲಿ ಕಾಣುವುದು ಕಾಲುದಾರಿಯಲ್ಲಿ ಹೋಗುವವರ ಪಾದಗಳು ಮತ್ತು ಸೈಕಲ್ ಚಕ್ರಗಳು ಮಾತ್ರ. ಮಕ್ಕಳ ಶೂಟಿಂಗ್ ಕ್ಲಬ್ಬಿನ ಬಾಗಿಲು ತೆರೆಯುವುದು ಹತ್ತು ಗಂಟೆಗೆ, ಈಗಿನ್ನೂ ಯಾರೂ ಬರುವುದಿಲ್ಲ ಎಂದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತು.

"ಸ್ವಲ್ಪ ಕೂತ್ಕೊಳ್ಳಿ" ಎನ್ನುತ್ತೇನೆ.

"ಕೂತ್ರೆ ಹೊತ್ತು ಹೋಗುದಿಲ್ಲ ಮಾರಾಯ್ರೆ. ನಿಂತ್ರೆ ಪರವಾಗಿಲ್ಲ" ಎನ್ನುತ್ತಾರೆ.

ನನಗೆ ಬಂದೂಕೆಂದರೆ ಮೊದಲಿನಿಂದಲೂ ಆಗದು. ಮಕ್ಕಳ ಕೈಗೆ ಬಂದೂಕು ಕೊಡುವವರ ಬಗ್ಗೆ ಪತ್ರಿಕೆಗೆ ಬರೆಯಬೇಕೆಂದಾಗ ಮುಖ ಸಿಂಡರಿಸಿಕೊಂಡೇ ಬಂದವಳು ನಾನು. ಇಲ್ಲಿ ನೋಡಿದರೆ ಬಂದೂಕು ಒಂದು ಕಪಾಟಿನಲ್ಲಿ, ಗುಂಡು ಹಾರಲು ಬೇಕಾದ ಅದರ ಬೋಲ್ಟ್ ಇನ್ನೊಂದರಲ್ಲಿ, ಗುಂಡುಗಳು ಮತ್ತೊಂದರಲ್ಲಿ. ಕೀಲಿಗಳೆಲ್ಲ ಕ್ಲಬ್ಬಿನ ಹಿರಿಯ ಬೆಂಗ್ಟ್ ಅವರ ಜೇಬಿನಲ್ಲಿ. ಯಾವ ಮಗುವೂ ಬಂದೂಕನ್ನು ಮನೆಗೆ ಒಯ್ಯುವುದಿಲ್ಲ. ಬಂದೂಕಿನ ಆಯ್ಕೆ ಎಂದರೆ ಇಲ್ಲಿ ಅಂಗಡಿಗೆ ಹೋಗಿ ಕೊಳ್ಳುವುದಲ್ಲ, ಕ್ಲಬ್ಬಿನ ಬಂದೂಕುಗಳಲ್ಲಿ ಈ ಮಗುವಿಗೆ ಯಾವುದು ಎಂದು ನಿರ್ಧರಿಸುವುದು. ಹಾಗೆ ಆಯ್ದ ಪಾಯಿಂಟ್ ಟೂ ಟೂ ಎಂಬ ಸಣ್ಣ ಗುಂಡಿನ ರೈಫಲ್ಲನ್ನು ಮಗುವಿನ ಅಳತೆಗೆ ತರುವುದು ಸೆವೆರಿನ್ ಕೆಲಸ. ಬೇಸಿಗೆಯಿಂದೀಚೆಗೆ ಒಂದು ಡಜನ್ ಮಕ್ಕಳಿಗೆ ಅಳತೆ ನೋಡಿದ್ದಾರೆ. ಕ್ಲಬ್ಬಿನ ಗೋಡೆಯ ಮೇಲಿರುವ ಫೋಟೋಗಳಲ್ಲಿ ಗೆದ್ದ ಮಕ್ಕಳಿದ್ದಾರೆ, ಬೆಂಗ್ಟ್ ಇದ್ದಾರೆ, ಒಂದು ನಾಯಿಯೂ ಇದೆ. ಸೆವೆರಿನ್ ಎಲ್ಲೂ ಇಲ್ಲ.

ಅವರ ಊರು ಉಡುಪಿ ಪಕ್ಕದ ಕಲ್ಯಾಣಪುರ. ಮಲ್ಪೆಯಲ್ಲಿ ದೋಣಿ ಕಟ್ಟುವ ಬಡಗಿಗಳ ಜೊತೆ ಕೆಲಸ ಕಲಿತರು. ಹೆಂಡತಿ ಶರೋನ್‌ಗೆ ಇಲ್ಲಿನ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಾಗ ಹಿಂದೆಯೇ ಬಂದರು. ಭಾಷೆ ಬಾರದು, ಕೆಲಸವಿಲ್ಲ. ಮೊದಲ ಚಳಿಗಾಲವಿಡೀ ಮನೆಯ ಕುರ್ಚಿಗಳನ್ನು ಬಿಚ್ಚಿ ಮತ್ತೆ ಜೋಡಿಸಿದರಂತೆ. "ಶರೋನ್ ಹೇಳಿದಳು, ಇನ್ನೊಂದ್ಸಲ ಡೈನಿಂಗ್ ಟೇಬಲ್ ಬಿಚ್ಚಿದ್ರೆ ನಾನು ನಿಮ್ಮನ್ನೇ ಬಿಚ್ಚಿ ಇಡ್ತೇನೆ ಅಂತ." ಕಡೆಗೆ ಕೊಮ್ಯೂನ್, ಅಂದರೆ ನಗರಾಡಳಿತ, ಇದೇ ಶಾಲೆಯಲ್ಲಿ ಕೆಲಸ ಕೊಟ್ಟಿತು. ಹಿಮ ಬಾಚುವುದು, ಬಲ್ಬು ಬದಲಿಸುವುದು, ಮುರಿದ ಡೆಸ್ಕಿಗೆ ಕಾಲು ಕೂರಿಸುವುದು. ಒಂದು ಶನಿವಾರ ನೆಲಮಾಳಿಗೆಯ ಬಾಗಿಲು ರಿಪೇರಿಗೆಂದು ಇಳಿದಾಗ ಬೆಂಗ್ಟ್ ಸೀಳುಬಿಟ್ಟ ಬಂದೂಕಿನ ಮರವೊಂದನ್ನು ಮುಂದಿಟ್ಟು, ಸರಿಮಾಡಲಾಗುತ್ತದೆಯೇ ಎಂದು ಕೈಸನ್ನೆ ಮಾಡಿದರು. ಅದಕ್ಕೂ ಮೊದಲು ಇವರು ಬಂದೂಕು ಮುಟ್ಟಿದವರಲ್ಲ. "ನಾನು ಕಬ್ಬಿಣದ ಕಡೆ ನೋಡ್ಲೇ ಇಲ್ಲ. ಮರ ಮಾತ್ರ ನೋಡಿದೆ. ಮರ ಅಂದ್ರೆ ಎಲ್ಲಿಯಾದ್ರೂ ಮರವೇ ಅಲ್ವಾ?"

ಮತ್ತೆ ಕಿಟಕಿ. ಒಂದು ಜೊತೆ ಬೂಟು ಹೋಗುತ್ತದೆ. ಅವರಿಗೆ ಬೇಕಾದ್ದಲ್ಲ.

ಅವರು ಕಾಯುತ್ತಿರುವುದು ಮೀರಾಳನ್ನು. ಹತ್ತು ವರ್ಷದ ಹುಡುಗಿ, ಬೆಂಗಳೂರಿನಿಂದ ಬಂದ ಲಾವಣ್ಯಾ ಮತ್ತು ಸುದರ್ಶನ್ ದಂಪತಿಯ ಮಗಳು. ಗಾಳಿ ಬಂದೂಕಿನಲ್ಲಿ ಒಂದು ವರ್ಷ ಕಲಿತು, ಈ 2007ರ ಆಗಸ್ಟಿನಲ್ಲಿ ಮೊದಲ ರೈಫಲ್ಲಿಗೆ ಅರ್ಹಳಾದಳು. ಆಯ್ಕೆಯ ದಿನ ಕಪಾಟಿನಲ್ಲಿ ಉಳಿದಿದ್ದವು ಎರಡೇ. ಒಂದು ಮಕ್ಕಳಿಗೆಂದೇ ಮಾಡಿದ್ದು, ಗಿಡ್ಡ, ಹಗುರ, ನೋಡಲು ಸಾದಾ. ಇನ್ನೊಂದು ದೊಡ್ಡವರದು, ಆಕ್ರೋಟದ ಮರ, ಕೈಯಿಟ್ಟರೆ ಜಾರುವಂಥ ನುಣುಪು. ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದ ಸುದರ್ಶನ್ ಚಿಕ್ಕದನ್ನು ಆಟಿಕೆಯಂತೆ ಎತ್ತಿ ನೋಡಿ, "ಬೆಳೆಯೋ ಹುಡುಗಿ ಅಲ್ವಾ ಸೆವೆರಿನ್, ಎರಡು ವರ್ಷ ಆದ್ರೂ ಬರ್ಬೇಕು. ದೊಡ್ಡದೇ ಇರ್ಲಿ" ಎಂದರು.

ಸೆವೆರಿನ್ ಬೇಡ ಎನ್ನಲಿಲ್ಲ. ಅವರ ತಲೆಯಲ್ಲೂ ಅದೇ ಇತ್ತು. "ನನಗೆ ಅಮ್ಮ ಹೊಲಿಸಿದ ಶರ್ಟು ಮೊಣಕಾಲಿಗೆ ಬರ್ತಿತ್ತು. ಬೂಟಿನೊಳಗೆ ಕಾಗದ ತುರುಕಿ ಶಾಲೆಗೆ ಹೋದವ ನಾನು. ಚಿಕ್ಕದು ತಗೊಳ್ಳೋದು ಅಂದ್ರೆ ನಮಗೆ ನಷ್ಟ ಆದ ಹಾಗೆ." ಭುಜಕ್ಕೆ ಒರಗುವ ಮರವನ್ನು ಕತ್ತರಿಸುವಾಗಲೂ ಬೆಳೆಯುವ ಮಗು ಎಂದು ಒಂದಿಷ್ಟು ಹೆಚ್ಚೇ ಉಳಿಸಿದರು. ಚಿಕ್ಕ ಬಂದೂಕು ಇನ್ನೊಂದು ಮಗುವಿನ ಪಾಲಾಯಿತು.

ಶರ್ಟಿನ ತೋಳು ಮಡಚಬಹುದು, ಬಂದೂಕು ಮಡಚಲಾಗುವುದಿಲ್ಲ. ಮೀರಾ ಬೋರಲಾಗಿ ಮಲಗಿ ಗುರಿಯಿಡುತ್ತಾಳೆ. ಬಂದೂಕಿನ ಭಾರವನ್ನು ಸ್ಟ್ಯಾಂಡು ಹೊರುತ್ತದೆ, ಆದರೆ ಹೆಚ್ಚಿನ ಉದ್ದಕ್ಕೆ ಕುತ್ತಿಗೆಯನ್ನು ಚಾಚಲೇಬೇಕು. ಗುರಿ ನೋಡುವ ಸಣ್ಣ ಕಿಂಡಿಗೆ ಕಣ್ಣು ತಲುಪದು, ಟ್ರಿಗರ್‌ಗೆ ಬೆರಳ ತುದಿಯಷ್ಟೇ ತಾಗುತ್ತದೆ. ಗಾಳಿ ಬಂದೂಕಿನಲ್ಲಿ ನಡುವಿಗೇ ಹೊಡೆಯುತ್ತಿದ್ದವಳ ಗುಂಡು ಕಾಗದದ ಅಂಚಿಗೆ ಹೋಗತೊಡಗಿತು. ಹುಡುಗಿ ಯಾರನ್ನೂ ದೂರಲಿಲ್ಲ. ಕಳೆದೆರಡು ಶನಿವಾರ ಬರಲೇ ಇಲ್ಲ. ಸೆವೆರಿನ್ ಫೋನ್ ಮಾಡಿದಾಗ ಲಾವಣ್ಯಾ ವಿಷಯ ಹೇಳಿದರು.

ಇದನ್ನು ನನಗೆ ಹೇಳುವಾಗ ಅವರು ಮರಳು ಕಾಗದವನ್ನು ಕೆಳಗಿಡುತ್ತಾರೆ. "ಬಂದೂಕು ದೊಡ್ಡದಾಯ್ತು ಅಂತ ಆ ಮಗು ಹೇಳ್ಲಿಲ್ಲ, ಗೊತ್ತುಂಟಾ? ನಾನು ತುಂಬಾ ಚಿಕ್ಕವಳು, ನನ್ನಿಂದ ಆಗಲ್ಲ ಅಂತ ಹೇಳಿದ್ಲಂತೆ. ಅವತ್ತಿಂದ ನನಗೆ ಊಟ ಸೇರುದಿಲ್ಲ."

ಇವತ್ತು ಮೀರಾ ಬರುವುದೂ ಸದ್ದು ತಡೆಯಲು ಕ್ಲಬ್ಬು ಕೊಟ್ಟ ಕಿವಿಮುಚ್ಚಿಗೆಯನ್ನು ವಾಪಸ್ ಕೊಟ್ಟುಹೋಗಲು. ಒಳ್ಳೆಯ ಮರ ಹಾಳಾಗುತ್ತದೆಂದು ಗೊಣಗಿದ ಬೆಂಗ್ಟ್ ಅವರನ್ನು ಕಾಡಿ ಬೇಡಿ ಒಪ್ಪಿಸಿ, ನಿನ್ನೆ ಸಂಜೆ ಸೆವೆರಿನ್ ಮತ್ತೆ ಗರಗಸ ಹಿಡಿದಿದ್ದಾರೆ. ಕತ್ತರಿಸಿದ ತುಂಡುಗಳನ್ನು ಅವರು ಎಸೆಯುವುದಿಲ್ಲ. ಮಗುವಿನ ಹೆಸರು ಬರೆದು ಬಿಸ್ಕತ್ತಿನ ಡಬ್ಬಿಯಲ್ಲಿಡುತ್ತಾರೆ. ಮಗು ಬೆಳೆದ ಹಾಗೆ ಅದೇ ತುಂಡನ್ನು ಮತ್ತೆ ಸ್ಕ್ರೂ ಹಾಕಿ ಕೂರಿಸುತ್ತಾರೆ. ಡಬ್ಬಿ ಅಲ್ಲಾಡಿಸಿ ತೋರಿಸುತ್ತಾ, "ಇವೆಲ್ಲ ವಾಪಸ್ ಬಾರದವರದ್ದು" ಎನ್ನುತ್ತಾರೆ. ನಾನು ಎಣಿಸಲು ಹೋಗುವುದಿಲ್ಲ.

ಹತ್ತಾಗುತ್ತದೆ. ಬೇರೆ ಮಕ್ಕಳು ಬರುತ್ತಾರೆ, ಬೆಂಗ್ಟ್ ಕಪಾಟು ತೆರೆಯುತ್ತಾರೆ. ಸೆವೆರಿನ್ ಮುಗಿದ ಮರವನ್ನೇ ಮತ್ತೆ ಉಜ್ಜುತ್ತಿದ್ದಾರೆ. ಇನ್ನೊಂದಿಷ್ಟು ಉಜ್ಜಿದರೆ ಅದು ಗೊಂಬೆಯ ಬಂದೂಕಾದೀತು ಎಂದು ನಾನು ರೇಗಿಸಿದರೂ ನಗುವುದಿಲ್ಲ. ಆಮೇಲೆ ಕಿಟಕಿಯಲ್ಲಿ ಕೆಂಪು ಬೂಟುಗಳು ಕಾಣುತ್ತವೆ, ಪಕ್ಕದಲ್ಲಿ ಎರಡು ಜೊತೆ ದೊಡ್ಡವು.

ಲಾವಣ್ಯಾ ಒಳಗೆ ಬಂದವರೇ ಮೆಲ್ಲಗೆ, "ಪ್ಲೀಸ್, ಅವಳನ್ನ ಫೋರ್ಸ್ ಮಾಡ್ಬೇಡಿ" ಎನ್ನುತ್ತಾರೆ. ಮೀರಾ ಕಿವಿಮುಚ್ಚಿಗೆಯನ್ನು ಮೇಜಿನ ಮೇಲಿಟ್ಟು ಹಿಂದೆ ಸರಿಯುತ್ತಾಳೆ. ಸೆವೆರಿನ್ ಮಂಡಿಯೂರಿ ಅವಳ ಎತ್ತರಕ್ಕೆ ಬರುತ್ತಾರೆ. ತಮ್ಮ ಒರಟು ಸ್ವೀಡಿಷ್‌ನಲ್ಲಿ ಏನೋ ಹೇಳಿ, ನಮಗೂ ತಿಳಿಯಲೆಂದು ಕನ್ನಡದಲ್ಲಿ ಹೇಳುತ್ತಾರೆ: "ನೀನು ಚಿಕ್ಕವಳಲ್ಲ ಮಗಾ. ನಾನು ತಪ್ಪು ಕತ್ತರಿಸಿದ್ದು."

"ದೊಡ್ಡದು ಕೊಡಿ ಅಂದಿದ್ದು ನಾನು" ಎನ್ನುತ್ತಾರೆ ಸುದರ್ಶನ್, ಮಗಳ ಮುಖ ನೋಡಲಾಗದೆ.

ಮೀರಾಗೆ ಇಬ್ಬರ ಮಾತೂ ಬೇಕಿಲ್ಲ. ಅವಳ ಕಣ್ಣು ಮರದ ಮೇಲಿದೆ. "ಒನ್ಸ್ ಓನ್ಲಿ" ಎನ್ನುತ್ತಾಳೆ.

ಅವಳು ಚಾಪೆಯ ಮೇಲೆ ಮಲಗುತ್ತಾಳೆ. ಮರ ಕೂರಿಸಿದ, ಬೋಲ್ಟಿಲ್ಲದ ಬಂದೂಕನ್ನು ಭುಜಕ್ಕೆ ಕೊಟ್ಟು ಸೆವೆರಿನ್, "ಕಣ್ಣು ಮುಚ್ಚು. ಕೆನ್ನೆ ಆರಾಮಾಗಿ ಇಡು. ಈಗ ತೆರೆ" ಎನ್ನುತ್ತಾರೆ. ಹುಡುಗಿ ಕಣ್ಣು ತೆರೆಯುತ್ತಾಳೆ. ಕುತ್ತಿಗೆ ಚಾಚುವುದಿಲ್ಲ. ಕಣ್ಣು ನೇರ ಕಿಂಡಿಗೇ ಬರುತ್ತದೆ. ಬೆಂಗ್ಟ್ ಮೇಜಿನ ಮೇಲಿದ್ದ ಕಿವಿಮುಚ್ಚಿಗೆಯನ್ನು ಅವಳಿಗೆ ತೊಡಿಸಿ, ಬೋಲ್ಟ್ ಹಾಕಿ ಪಕ್ಕದಲ್ಲಿ ಕೂರುತ್ತಾರೆ. ಮೊದಲ ಗುಂಡು ಎಲ್ಲಿಗೆ ಹೋಯಿತೋ ನಾನು ನೋಡಲಿಲ್ಲ, ಸೆವೆರಿನ್ ಮುಖ ನೋಡುತ್ತಿದ್ದೆ. ಅವರೂ ಕಾಗದ ನೋಡಲಿಲ್ಲ. ಮೀರಾ ತಿರುಗದೆಯೇ ಇನ್ನೊಂದು ಗುಂಡಿಗೆ ಕೈ ಚಾಚಿದ್ದನ್ನು ಮಾತ್ರ ನೋಡಿದರು. ಆಮೇಲೆ ಇನ್ನೊಂದಕ್ಕೆ. ಕಿವಿಮುಚ್ಚಿಗೆ ವಾಪಸ್ ಕೊಡುವ ಮಾತು ಎಲ್ಲರಿಗೂ ಮರೆತುಹೋಯಿತು.

ಬೆಳಗಿನಿಂದ ಮೊದಲ ಬಾರಿಗೆ ಸೆವೆರಿನ್ ಕುರ್ಚಿಯ ಮೇಲೆ ಕೂರುತ್ತಾರೆ. ಜೇಬಿನಿಂದ ಬೆರಳ ದಪ್ಪದ ಮರದ ತುಂಡು ತೆಗೆದು, ಪೆನ್ಸಿಲಿನಲ್ಲಿ ಮೀರಾ ಎಂದು ಬರೆದು, ಡಬ್ಬಿಗೆ ಹಾಕದೆ ಅಂಗೈಯಲ್ಲೇ ಇಟ್ಟುಕೊಳ್ಳುತ್ತಾರೆ. ನಿಮಗೇನು ಆಸೆ ಎಂದು ಕೇಳುತ್ತೇನೆ.

"ಒಂದು ದಿನ ಅವಳು ಬಂದು ನನಗೆ ಬೈಬೇಕು" ಎನ್ನುತ್ತಾರೆ. "ಸೆವೆರಿನ್, ಈ ಬಂದೂಕು ಗಿಡ್ಡ ಆಯ್ತು ಅಂತ."