ಶುಕ್ರವಾರ ಒಂಬತ್ತು ಹತ್ತರ ಫೋನು

ಶೇಖರರೇ, ನೀವು ಫೋನ್ ಮಾಡಿದ್ದಿರಿ.

2007ರ ಮೇ ತಿಂಗಳು, ಶುಕ್ರವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಉಡುಪಿಯ ನಮ್ಮ ಕಚೇರಿಯಲ್ಲಿ ಇದ್ದವಳು ನಾನೊಬ್ಬಳೇ. ಫೋನ್ ಎತ್ತಿದವಳೂ ನಾನೇ. ಅಂಥ ಫೋನೇ ಬಂದಿಲ್ಲ ಎಂದು ಆಮೇಲೆ ಮೂರು ಜನರಿಗೆ ಹೇಳಿದೆ — ತಂಗಿಯ ಮಗ ದಿವಾಕರನಿಗೆ, ಕಾಪುವಿನ ನಿಮ್ಮ ಬಡಾವಣೆ ಸಂಘದ ಕಾರ್ಯದರ್ಶಿಗೆ, ಕೊನೆಗೆ ನಿಮಗೇ. ಹೇಳಿದ್ದು ಸುಳ್ಳು.

ಇದನ್ನು ಅವರಿಬ್ಬರೂ ಓದಲಿದ್ದಾರೆ. ಆದ್ದರಿಂದ ಮೊದಲಿನಿಂದ, ಕ್ರಮವಾಗಿ ಬರೆಯುತ್ತೇನೆ.

ಮೂವತ್ತೆರಡು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು ನಾನು. ಗಂಟೆ ನೋಡಿ ಎದ್ದೆ, ಗಂಟೆ ನೋಡಿ ಉಂಡೆ. ನಿವೃತ್ತಿಯ ಮೇಲೆ ದಿವಾಕರನ ಮರ ಆರೈಕೆಯ ಕಚೇರಿ ನೋಡಿಕೊಳ್ಳತೊಡಗಿದೆ. ಕೊಂಬೆ ಸವರುವುದು, ಗೆದ್ದಲು ಹಿಡಿದ ಬುಡಕ್ಕೆ ಮದ್ದು ಹಾಕುವುದು, ಬೇರೆ ದಾರಿ ಇಲ್ಲದಾಗ ಮರ ಕಡಿಯುವುದು — ಮಲ್ಪೆಯಿಂದ ಅಜೆಕಾರಿನವರೆಗೆ ಅವನ ಕೆಲಸ. ದುಬೈಯಲ್ಲಿ ಕೂತವರೂ ಕಾರ್ಕಳದ ಮನೆಯ ತೆಂಗಿನ ಮರಕ್ಕೆ ಜನ ಕರೆಸುವ ಹಾಗಾಗಲಿ ಎಂದು ವೆಬ್‌ಸೈಟ್ ಮಾಡಿಸಿದ. ಉಸ್ತುವಾರಿ ನನ್ನದು.

ಮಣಿಪಾಲದ ನಿಶ್ಮಿತಾ ಅದನ್ನು ಮಾಡಿದಳು. ಆಗ ಕನ್ನಡ ಅಕ್ಷರ ಒಂದು ಕಂಪ್ಯೂಟರಿನಲ್ಲಿ ಸರಿ ಕಂಡರೆ ಇನ್ನೊಂದರಲ್ಲಿ ಬರೇ ಚೌಕ ಚೌಕ. ಒತ್ತಕ್ಷರ ಎಲ್ಲೆಲ್ಲಿಗೋ ಜಾರುತ್ತಿತ್ತು. ನನಗೆ ತಡೆಯಲಿಲ್ಲ. ಎಲ್ಲ ಬರಹವನ್ನೂ ಚಿತ್ರ ಮಾಡಿ ಅಂಟಿಸು ಎಂದೆ. ಕನ್ನಡದ ಜೊತೆ ಇಂಗ್ಲಿಷನ್ನೂ — ಎರಡೂ ಬದಿ ಒಂದೇ ಥರ ಕಾಣಬೇಕಲ್ಲ.

"ಸಿಸ್ಟರ್, ಚಿತ್ರ ಮಾಡಿದರೆ ಕಣ್ಣು ಕಾಣದವರ ಕಂಪ್ಯೂಟರ್ ಅದನ್ನು ಓದುವುದಿಲ್ಲ" ಎಂದಳು ಆ ಹುಡುಗಿ.

"ಕಣ್ಣು ಕಾಣದವರು ಮರ ಕಡಿಸಲಿಕ್ಕೆ ವೆಬ್‌ಸೈಟ್ ನೋಡ್ತಾರಾ ಮಾರಾಯ್ತಿ?" ಎಂದೆ ನಾನು.

ಸಾಲದ್ದಕ್ಕೆ ಫಾರ್ಮಿನ ಕೊನೆಗೆ ಆ ಸೊಟ್ಟ ಅಕ್ಷರಗಳ ಚಿತ್ರ. ಅದನ್ನು ನೋಡಿ ಹಾಗೆಯೇ ಟೈಪ್ ಮಾಡಿದರೆ ಮಾತ್ರ ಫಾರ್ಮ್ ಮುಂದೆ ಹೋಗುವುದು.

ಆ ಮೇ ತಿಂಗಳಲ್ಲಿ ನಿಮ್ಮ ಸಂಘದವರು ಓಣಿಯ ಏಳು ಮರ ಕಡಿಯುವ ಕೆಲಸ ಕೊಟ್ಟರು. ಮಳೆ ಶುರುವಾದರೆ ಕೊಂಬೆ ತಂತಿಗೆ ತಾಗುತ್ತದೆ ಎಂದು. ಆಕ್ಷೇಪ ಇದ್ದರೆ ಶನಿವಾರದೊಳಗೆ ವೆಬ್‌ಸೈಟಿನ ಫಾರ್ಮಿನಲ್ಲಿ ತಿಳಿಸಬೇಕು, ಆಕ್ಷೇಪ ಬಂದ ಮರವನ್ನು ಸವರಿ ಬಿಡುವುದು — ಹೀಗೆಂದು ನಿಯಮ ಬರೆದವಳು ನಾನು. ಅದನ್ನೂ ಚಿತ್ರ ಮಾಡಿಸಿ ಹಾಕಿದೆ. ಆ ವಾರವಿಡೀ ಜನ ಫಾರ್ಮ್ ಬಿಟ್ಟು ಫೋನೇ ಮಾಡುತ್ತಿದ್ದರು. ನನಗೆ ಸಾಕುಸಾಕಾಗಿತ್ತು. ನೆಪ ಹೇಳುತ್ತಿಲ್ಲ, ಇದ್ದದ್ದು ಹಾಗೆ. ಶುಕ್ರವಾರ ನಿಮ್ಮ ಫೋನ್ ಬಂತು.

"ಸಿಸ್ಟರ್, ನನ್ನ ಗೇಟಿನ ಎದುರಿನ ಬಾದಾಮಿ ಮರ ನಿಮ್ಮ ಪಟ್ಟಿಯಲ್ಲಿ ಉಂಟಂತೆ, ಪಕ್ಕದ ಮನೆಯವರು ಹೇಳಿದರು. ಕೊಂಬೆ ಮಾತ್ರ ಸವರಿ, ಬುಡಕ್ಕೆ ಕೈ ಹಾಕಬೇಡಿ."

"ಫಾರ್ಮ್ ತುಂಬಿ."

"ನಿನ್ನೆ ಸಂಜೆಯಿಂದ ಅದೇ ಮಾಡ್ತಾ ಇದ್ದೇನೆ. ನನಗೆ ಕಣ್ಣು ಕಾಣುವುದಿಲ್ಲ, ಕಂಪ್ಯೂಟರ್ ಓದಿ ಹೇಳುವುದು. ನಿಮ್ಮದರಲ್ಲಿ ಚಿತ್ರ, ಚಿತ್ರ, ಚಿತ್ರ ಅಂತ ಹೇಳಿ ಸುಮ್ಮನಾಗ್ತದೆ. ಒಂದು ಸಾಲು ನೀವೇ ಬರೆದುಕೊಳ್ಳಬಹುದಲ್ವಾ?"

"ಎಲ್ಲರಿಗೂ ಒಂದೇ ನಿಯಮ. ಮನೆಯಲ್ಲಿ ಯಾರಾದರೂ ಇದ್ದರೆ ತುಂಬಿಸಿ."

"ಮನೆಯಲ್ಲಿ ನಾನಿದ್ದೇನಲ್ಲ" ಎಂದಿರಿ.

ನಾನು ಫೋನ್ ಇಟ್ಟೆ. ಬರೆದುಕೊಳ್ಳಲಿಲ್ಲ. ಪೆನ್ನು ಕೈಯಲ್ಲೇ ಇತ್ತು.

ಸೋಮವಾರ ನಿಮ್ಮ ಓಣಿಯಿಂದ ನಮ್ಮ ಮರ ಹತ್ತುವ ಬಸಪ್ಪನ ಫೋನ್ ಬಂತು. "ಅಕ್ಕಾರ, ಇಲ್ಲೊಬ್ಬರು ಕೋಲು ಹಿಡ್ಕೊಂಡು ಮರದ ಬುಡದಾಗ ನಿಂತಾರ. ಶುಕ್ರವಾರನ ಫೋನ್ ಮಾಡಿ ಹೇಳೀನಿ ಅಂತಾರ. ಏನ್ ಮಾಡೂಣ್ರಿ?"

ದಿವಾಕರ ಎದುರಿಗೇ ಕೂತಿದ್ದ. "ಆಕ್ಷೇಪ ಬಂದಿತ್ತಾ ದೊಡ್ಡಮ್ಮ?"

"ಬಂದಿಲ್ಲ."

ಬಂದಿತ್ತು, ನಾನು ಬರೆದುಕೊಳ್ಳಲಿಲ್ಲ — ಇಷ್ಟು ಹೇಳಲು ಎಷ್ಟು ಹೊತ್ತು ಬೇಕಿತ್ತು? ಮೂವತ್ತೆರಡು ವರ್ಷದಲ್ಲಿ ಒಂದು ಸಲವೂ ನನ್ನ ವರದಿ ತಪ್ಪಿರಲಿಲ್ಲ. ಆ ಹೆಸರನ್ನು ಉಳಿಸಿಕೊಂಡೆ, ಮರ ಹೋಯಿತು. ದಿವಾಕರ ಫೋನ್ ತೆಗೆದುಕೊಂಡು, ಹಿರಿಯರನ್ನು ಜಾಗ್ರತೆಯಾಗಿ ಬದಿಗೆ ಕೂರಿಸಿ ಕೆಲಸ ಶುರು ಮಾಡು ಎಂದ.

ಅದೇ ವಾರ ನೀವು ಕಾರ್ಯದರ್ಶಿಯ ಜೊತೆ ಕಚೇರಿಗೆ ಬಂದಿರಿ. ಕೂಗಾಡಲಿಲ್ಲ. ಆ ಓಣಿಯ ಗೋಡೆಗಳೆಲ್ಲ ಕೋಲಿಗೆ ಒಂದೇ ಥರ ಸಿಗುತ್ತವೆ, ದೊಡ್ಡ ಎಲೆಗಳಿಗೆ ಗಾಳಿ ಬಡಿಯುವ ಸದ್ದು ಕೇಳಿದಲ್ಲಿ ಎಡಕ್ಕೆ ತಿರುಗಿದರೆ ನಿಮ್ಮ ಗೇಟು ಎಂದಿರಿ. ಮರ ಹೋದ ಮೇಲೆ ಎರಡು ಸಲ ಬೇರೆಯವರ ಗೇಟು ತೆರೆದಿದ್ದಿರಿ.

"ಶೇಖರಣ್ಣ, ನೀವು ಫೋನ್ ಮಾಡಬೇಕು ಅಂತ ಎಣಿಸಿದ್ದಿರಬಹುದು. ಮಾಡಿರಲಿಕ್ಕಿಲ್ಲ" ಎಂದರು ಕಾರ್ಯದರ್ಶಿ. ಫೋನೇ ಬಂದಿಲ್ಲ ಎಂದು ಅವರಿಗೆ ನಾನು ಮೊದಲೇ ಹೇಳಿದ್ದೆ.

ನೀವು ನನ್ನ ದನಿಯಿದ್ದ ಕಡೆ ಮುಖ ತಿರುಗಿಸಿದಿರಿ. "ಸಿಸ್ಟರ್, ಬಂದಿತ್ತಾ?"

"ಇಲ್ಲ."

"ಹಾಗಾದರೆ ನನಗೇ ತಪ್ಪಿರಬೇಕು. ಸುಮ್ಮನೆ ನಿಮ್ಮ ಮೇಲೆ ಹಾಕಿದೆ. ಕ್ಷಮಿಸಿ."

ನಾನು — ನಾನು "ಪರವಾಗಿಲ್ಲ" ಎಂದೆ.

ಆ ತಿಂಗಳೇ ನೀವು ಸಂಘದ ಜೊತೆಕಾರ್ಯದರ್ಶಿ ಸ್ಥಾನ ಬಿಟ್ಟಿರಿ, ನೆನಪು ಕೈಕೊಡುತ್ತಿದೆ ಎಂದು. ಓಣಿಯ ಪ್ರತಿ ಮನೆಯ ಫೋನ್ ನಂಬರನ್ನು ಬಾಯಲ್ಲೇ ಹೇಳುತ್ತಿದ್ದವರು ನೀವು. ಮಾತ್ರೆ ತೆಗೆದುಕೊಂಡೆನಾ ಎಂದು ಹೆಂಡತಿಯನ್ನು ಎರಡೆರಡು ಸಲ ಕೇಳುತ್ತೀರೆಂದು ಕಾರ್ಯದರ್ಶಿ ಹೇಳಿದರು. ನನಗೆ ಗೊತ್ತಿತ್ತು, ನಿಮ್ಮ ನೆನಪಿಗೆ ಎಂತ ಸಹ ಆಗಿಲ್ಲ ಎಂದು. ಗೊತ್ತಿದ್ದವಳು ನಾನೊಬ್ಬಳೇ.

ಮರುವರ್ಷ ದಿವಾಕರ ವೆಬ್‌ಸೈಟನ್ನು ಎಲ್ಲರೂ ಬಳಸುವಂತೆ ತಿದ್ದಿಸಲು ಹೊರಟ. ಪರೀಕ್ಷೆ ಮಾಡಲು ನಿಮ್ಮನ್ನೇ ಕರೆದ. ನೀವು ಕಾಪುವಿನಿಂದ ಬಸ್ಸು ಹತ್ತಿ ನಾಲ್ಕು ಬುಧವಾರ ಬಂದು ನಿಶ್ಮಿತಾಳ ಪಕ್ಕ ಕೂತಿರಿ. ಚಿತ್ರವಾಗಿದ್ದ ಬರಹವನ್ನೆಲ್ಲ ಅವಳು ಮತ್ತೆ ಅಕ್ಷರವಾಗಿ ಟೈಪ್ ಮಾಡಿದಳು, ಸೊಟ್ಟ ಅಕ್ಷರಗಳನ್ನು ಕಿತ್ತು ಹಾಕಿದಳು, ಒಂದೊಂದು ಫೋಟೋಕ್ಕೂ ಅದರಲ್ಲಿ ಏನಿದೆ ಎಂದು ಬರೆದಳು.

"ಇದು ಬಟನ್ ಹದಿನೇಳು ಅಂತೆ. ಒತ್ತಿದರೆ ಎಂತ ಆಗ್ತದೆ ಅಂತ ಹದಿನೆಂಟನ್ನು ಕೇಳಬೇಕಾ?" ಎಂದಿರಿ ನೀವು. ಅವಳು ನಕ್ಕು ಒಂದೊಂದು ಬಟನ್ನಿಗೂ ಹೆಸರು ಕೊಟ್ಟಳು. ಒಂದು ಫೋಟೋಕ್ಕೆ ಬರೇ 'ಮರ' ಎಂದು ಬರೆದಿದ್ದಳು. "ಯಾವ ಮರ ಮಗಾ? ಕಡಿದದ್ದಾ, ಇನ್ನು ಕಡಿಯುವುದಾ?" ಎಂದಿರಿ. ನಾನು ಚಹಾ ತರುವ ನೆವದಲ್ಲಿ ಎದ್ದು ಹೋದೆ.

ಕೆಲಸ ಮುಗಿದ ಮೇಲೆ ದಿವಾಕರ ಮೊದಲ ಪುಟದಲ್ಲಿ ಹಾಕಿದ್ದು ನನ್ನ ಹೆಸರು — ಎಲ್ಲರಿಗೂ ತಲುಪುವಂತೆ ಮಾಡಿಸಿದವರು ಎಂದು. ಅದು ಇಷ್ಟು ವರ್ಷ ಅಲ್ಲೇ ಇತ್ತು, ನಾನು ದಿನಾ ನೋಡುತ್ತಿದ್ದೆ. ಬೇರೆಯವರ ಒಂದು ಕಾಮಾ ತಪ್ಪಿದರೆ ರೇಗುವವಳು!

ಇಂದು ಬೆಳಿಗ್ಗೆ ಒಂಬತ್ತಕ್ಕೆ ನಿಶ್ಮಿತಾಳಿಗೆ ಹೇಳಿ ಆ ಸಾಲು ತೆಗೆಸಿದೆ. ಹತ್ತಕ್ಕೆ ದಿವಾಕರನನ್ನು ಕೂರಿಸಿ ಹೇಳಿದೆ. ಅವನು ಎದ್ದು ಹೊರಗೆ ಹೋದ. ಆಮೇಲೆ ಇದನ್ನು ಬರೆದೆ, ನಿಮ್ಮ ಕಂಪ್ಯೂಟರ್ ಓದುವಂತೆ ಬರೇ ಅಕ್ಷರದಲ್ಲಿ. ಕ್ಷಮೆ ಕೇಳುತ್ತಿಲ್ಲ. ನಿಮ್ಮ ಬಾಯಲ್ಲಿ ಆ ಮಾತು ಹೇಳಿಸಿಕೊಂಡವಳು ಈಗ ಯಾವ ಬಾಯಲ್ಲಿ —

ನಿಮ್ಮ ನೆನಪು ಸರಿಯಾಗಿತ್ತು, ಶೇಖರರೇ. ದಿನವೂ ಸರಿ, ಗಂಟೆಯೂ ಸರಿ, ಆಡಿದ ಮಾತೂ ಸರಿ.

ಒಂದು ಪ್ರತಿ ಸಂಘದ ಕಾರ್ಯದರ್ಶಿಗೆ ಕಳುಹಿಸಿದೆ, ಮುಂದಿನ ಸಭೆಯಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದಿಸಬೇಕೆಂದು ಮೇಲೆ ಬರೆದು. ಓದಲು ಯಾರಿಗಾದರೂ ಸಂಕೋಚವಾದರೆ ನಾನೇ ಕಾಪುವಿಗೆ ಬಂದು ಓದುತ್ತೇನೆ ಎಂದೂ ಬರೆದಿದ್ದೇನೆ. ಅದು ಹೋದದ್ದು ಹನ್ನೆರಡು ಇಪ್ಪತ್ತಕ್ಕೆ.