ಇಶ್ಯೂ ಎಂಬ ಮಾತು

ಹೈಸ್ಕೂಲು ಓದಲೆಂದು ನಾನು ಹರಿಹರದಿಂದ ದಾವಣಗೆರೆಯ ಅತ್ತೆಯ ಮನೆಗೆ ಬಂದೆ. ಅತ್ತೆ ನನ್ನ ಅಪ್ಪನ ತಂಗಿ. ಮಾವ ಹತ್ತಿ ಗಿರಣಿಯ ಆಫೀಸಿನಲ್ಲಿ ಗುಮಾಸ್ತರು. ಭಾನುವಾರ ಅವರ ಜೊತೆಯವರು ಯಾರಾದರೂ ಬರುತ್ತಿದ್ದರು. ಅತ್ತೆ ಖಾರ ಮಂಡಕ್ಕಿ ತಂದಿಡುವಾಗ ಹೊಸಬರಾದರೆ ಮಕ್ಕಳೆಷ್ಟು ಎಂದು ಕೇಳಿಯೇ ಕೇಳುತ್ತಿದ್ದರು. ಮಾವ ಇಂಗ್ಲಿಷಿನಲ್ಲಿ, "ನೋ ಇಶ್ಯೂ" ಎನ್ನುತ್ತಿದ್ದರು. ಬಂದವರು ತಲೆ ತಗ್ಗಿಸಿ ಮಂಡಕ್ಕಿಗೆ ಕೈ ಹಾಕುತ್ತಿದ್ದರು, ಅತ್ತೆ ಒಳಗೆ ಹೋಗುತ್ತಿದ್ದಳು.

ಒಂದು ಬೆಳಿಗ್ಗೆ ಅತ್ತೆ ರೇಷನ್ ಅಂಗಡಿಯಿಂದ ಬರಿಗೈಲಿ ಬಂದಳು.

"ಸಕ್ಕರಿ ಇನ್ನೂ ಇಶ್ಯೂ ಆಗಿಲ್ಲಂತೆ. ಹಂಗಂದ್ರೆ ಏನವ್ವ?"

"ಕೊಡೋದು, ಅತ್ತೆ. ನಮ್ಮ ಸ್ಕೂಲ್ನಾಗೆ ಪುಸ್ತಕ ಕೊಡೋದಕ್ಕೂ ಹಂಗೇ ಅಂತಾರೆ."

"ಮತ್ತೆ ನಿಮ್ಮ ಮಾವ ಬಂದೋರಿಗೆ ಅಂತಾರಲ್ಲ?"

ನಾನು ನಿಘಂಟು ತೆಗೆದು ಓದತೊಡಗಿದೆ. ಹೊರಬರುವುದು, ಪತ್ರಿಕೆಯ ಸಂಚಿಕೆ, ಕೋರ್ಟಿನಲ್ಲಿ ತೀರ್ಮಾನವಾಗಬೇಕಾದ ವಿಷಯ. ಮುಂದಿನದನ್ನು ಕಂಡು ಪುಸ್ತಕ ಮುಚ್ಚಲು ಹೋದೆ.

"ಇನ್ನೂ ಐತಾ?"

"ಮಕ್ಕಳು ಅಂತ ಐತೆ."

ಅತ್ತೆ ಮೊರದಲ್ಲಿನ ಅಕ್ಕಿ ಆರಿಸುತ್ತಲೇ ಇದ್ದಳು. "ನಾನು ಯಾವುದೋ ರೋಗದ ಹೆಸರು ಅನ್ಕೊಂಡಿದ್ದೆ. ಡಾಕ್ಟ್ರು ಹೇಳಿದ್ದನ್ನ ನನಗೆ ಮುಚ್ಚಿಟ್ಟಾರೇನೋ ಅಂತ ಇಷ್ಟು ವರ್ಷ ಹೆದರಿದ್ದೆ" ಎಂದಳು. ಒಂದು ಕಲ್ಲನ್ನು ಆರಿಸಿ ಎಸೆದು ಮೆಲ್ಲಗೆ, "ಆದ್ರೆ ನನಗೆ ಆಗಿತ್ತಲ್ಲವ್ವ, ಒಂದು ಹೆಣ್ಣು. ತೊಟ್ಟಿಲಿಗೆ ಹಾಕೋ ಮೊದ್ಲೇ ಹೋತು" ಎಂದಳು. ಈ ಸಂಗತಿ ನನಗೆ ಅದುವರೆಗೆ ಯಾರೂ ಹೇಳಿರಲಿಲ್ಲ.

ಮುಂದಿನ ಭಾನುವಾರ ಚಿತ್ರದುರ್ಗದಿಂದ ವರ್ಗವಾಗಿ ಬಂದವರೊಬ್ಬರು ಅದೇ ಪ್ರಶ್ನೆ ಕೇಳಿದರು. ಮಾವ ಅದೇ ಉತ್ತರ ಕೊಟ್ಟರು. ಅತ್ತೆ ಒಳಗೆ ಹೋಗಲಿಲ್ಲ.

"ಒಂದು ಹೆಣ್ಣು ಆಗಿತ್ರಿ. ಉಳೀಲಿಲ್ಲ."

ಬಂದವರು ಲೋಟ ಕೆಳಗಿಟ್ಟು, "ಪಾಪ, ದೇವರಿಚ್ಛೆ ತಾಯಿ" ಎಂದು ಬೇಗನೆ ಎದ್ದರು. ಅವರು ಹೋದದ್ದೇ ಮಾವ, "ಮುಗಿದುಹೋದದ್ದನ್ನ ಜನರ ಮುಂದೆ ಯಾಕ ತೆಗಿತಿ?" ಎಂದರು. ದನಿ ಏರಿಸಲಿಲ್ಲ. ಬಂದವರ ಲೋಟವನ್ನು ಎತ್ತಿ ಮತ್ತೆ ಅಲ್ಲೇ ಇಟ್ಟರು. ಅವರಿಗೂ ಅದು ಮುಗಿದಿರಲಿಲ್ಲವೆಂದು ಈಗ ಅನ್ನಿಸುತ್ತದೆ. ಆದರೆ ಅಂದಿನಿಂದ ಅವರು ಯಾರನ್ನೂ ಮನೆಗೆ ಕರೆದು ತರಲಿಲ್ಲ. ಊಟಕ್ಕೆ ಕೂತಾಗ ಅನ್ನ ಬೇಕು, ಸಾರು ಸಾಕು, ಇಷ್ಟೇ ಅವರಿಬ್ಬರ ಮಾತು.

ನನ್ನ ಓದು ಮುಗಿದ ಬೇಸಿಗೆಯಲ್ಲಿ ನನ್ನನ್ನು ಬಿಡಲು ಅತ್ತೆ ಒಬ್ಬಳೇ ಹರಿಹರಕ್ಕೆ ಬಂದಳು. ಸಂಜೆ ನನ್ನನ್ನು ಕರೆದುಕೊಂಡು ಹೊಳೆದಂಡೆಗೆ ಹೋದಳು. ಮಗುವನ್ನು ಮಣ್ಣು ಮಾಡಿದ್ದು ಅಲ್ಲೊಂದು ಜಾಲಿಮರದ ಬುಡದಲ್ಲಂತೆ. ತವರಿನಲ್ಲಿ ಬಾಣಂತಿಯಾಗಿದ್ದ ಅವಳನ್ನು ಆ ದಿನ ಯಾರೂ ಹೊರಗೆ ಬಿಟ್ಟಿರಲಿಲ್ಲ. ಜಾಗವನ್ನು ನನ್ನ ಅಪ್ಪ ಬಾಯಲ್ಲಿ ಹೇಳಿದ್ದಷ್ಟೆ. ತುಂಗಭದ್ರೆ ಎಷ್ಟೋ ಮಳೆಗಾಲಗಳಲ್ಲಿ ದಂಡೆಯನ್ನು ಕೊರೆದಿದ್ದಳು. ಜಾಲಿಮರ ಎಲ್ಲೂ ಇರಲಿಲ್ಲ. ಅತ್ತೆ ಅತ್ತ ನಡೆದಳು, ಇತ್ತ ನಡೆದಳು, ಒಗೆಯುವ ಹೆಂಗಸರನ್ನು ಕೇಳಿದಳು. ಅವರಿಗೆ ತಿಳಿಯದು.

"ಕತ್ತಲಾತು, ನಡಿಯವ್ವ" ಎಂದು ಸೆರಗು ಹೊದ್ದುಕೊಂಡಳು.