ಪದ್ಯ ಓದಿದ ವೈನಿ, ಮುನಿಸಿಕೊಂಡ ಅಣ್ಣ

ನಮ್ಮಣ್ಣ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಹೊಲದ ಬದುವಿನ ಜಗಳ ಅಂದುಕೊಂಡಿರಾ? ಅಲ್ಲ. ನಾನು ವೈನಿಗೆ, ಅಂದರೆ ಅವನ ಹೆಂಡತಿಗೆ, ಒಂದು ಕವನ ಸಂಕಲನ ಕೊಟ್ಟೆ. ಅದೇ ದೊಡ್ಡ ಗುನ್ಹೆ!

ಅವರಿರುವುದು ಔರಾದ ಕಡೆಯ ಒಂದು ಹಳ್ಳಿಯಲ್ಲಿ. (ಊರಿನ ಹೆಸರು ಬೇಡ. ಅಣ್ಣನ ಸಿಟ್ಟು ಈಗಿರುವಷ್ಟೇ ಸಾಕು.) ವೈನಿಯ ತವರು ಭಾಲ್ಕಿ. ಮನೆಮಾತು ಕನ್ನಡವಾದರೂ ಅಲ್ಲಿ ಕಲಿತದ್ದು ಮರಾಠಿ ಅಕ್ಷರ. ಐವತ್ತಾರರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಒಂದು ದಿನ ಕೇಳಿದಳು, "ತಮ್ಮಾ, ನನಗ ಕನ್ನಡ ಓದಲಿಕ್ಕ ಕಲಸು." ಬೀದರಿನಲ್ಲಿ ಮಾಸ್ತರನಾಗಿರುವ ಮೈದುನ ಇಲ್ಲ ಅನ್ನಲಾದೀತೇ? ಅಕ್ಷರ ಕಲಿಸಿದೆ. ಸಾಲು ಚಿಕ್ಕದಿದ್ದರೆ ಓದಲು ಸುಲಭ ಎಂದು ಪದ್ಯದ ಪುಸ್ತಕ ಕೊಟ್ಟೆ. ಅದಕ್ಕಿಂತ ದೊಡ್ಡ ಉದ್ದೇಶ ನನಗಿರಲಿಲ್ಲ.

ದೀಪಾವಳಿಗೆ ಹೋದಾಗ ವೈನಿ ಸರಾಗವಾಗಿ ಓದುತ್ತಿದ್ದಳು. ನಡುವೆ ನಿಲ್ಲಿಸಿ ಕೇಳಿದಳು:

"ಇವ ತನ್ನ ಸಂಕಟ ಎಲ್ಲಾರ ಮುಂದ ಹೇಳ್ಕೊಂಡಾನಲ್ಲ, ಇವಂಗ ನಾಚಿಕಿ ಬರಲಿಲ್ಲೇನು?"

"ಬಂದಿರಬೇಕು ವೈನಿ. ಆದ್ರೂ ಹೇಳ್ಯಾನ."

ಅದೇ ಪದ್ಯವನ್ನು ಮತ್ತೆ ಮೊದಲಿನಿಂದ ಓದಿದಳು.

ಮರುದಿನ ಅಣ್ಣನಿಗೆ ಬಡಿಸುತ್ತಾ, "ನನಗೂ ಒಮ್ಮೆ ಬಿಸಿ ರೊಟ್ಟಿ ಉಣಬೇಕು ಅನಸ್ತದರಿ" ಅಂದಳು. ಅಣ್ಣನ ತುತ್ತು ಕೈಯಲ್ಲೇ ನಿಂತಿತು. ಮದುವೆಯಾಗಿ ಇಷ್ಟು ವರ್ಷವಾದರೂ ತನಗೆ ಏನು ಬೇಕೆಂದು ಆಕೆ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಣ್ಣ ನಕ್ಕು ಸಹಿಸಿಕೊಂಡ. ಹೋದ ತಿಂಗಳು ನಡೆದದ್ದನ್ನು ಸಹಿಸಲಿಲ್ಲ.

ಅವರೂರಿನ ಹುಡುಗಿಯರ ಶಾಲೆಗೆ ಬೀಗ ಬಿದ್ದು ತಿಂಗಳುಗಳಾಗಿದ್ದವು. ಹಿಂದಿನ ರಾಜ್ಯದ ಕಾಲದಿಂದ ಉರ್ದುವಿನಲ್ಲಿ ಕಲಿಸುತ್ತಿದ್ದವರಿಗೆ ಟ್ರಾನ್ಸ್‌ಫರ್ ಆಯಿತು. ಕನ್ನಡ ಕಲಿಸುವವರು ಬರಲೇ ಇಲ್ಲ. ಅಷ್ಟರಲ್ಲಿ ಮೈಸೂರು ಕಡೆಯ ಹೊಸ ಆಫೀಸರೊಬ್ಬರು ಜೀಪಿನಲ್ಲಿ ಬಂದರು. ಚಾವಡಿಯಲ್ಲಿ ಮೀಟಿಂಗು. ನಾನೂ ಹೋಗಿದ್ದೆ.

ಏನು ಹಾರ, ಏನು ಭಾಷಣ! ಊರ ಹಿರಿಯರು ಒಬ್ಬರಾದ ಮೇಲೊಬ್ಬರು ಎದ್ದು ಹೊಗಳಿದರು. ಶಾಲೆಯ ಮಾತು ಮಾತ್ರ ಯಾರೂ ಎತ್ತಲಿಲ್ಲ. ಮೊದಲ ಸಲ ಬಂದ ಸಾಹೇಬರಿಗೆ ದೂರು ಹೇಳಿದರೆ ಊರ ಮರ್ಯಾದೆ ಹೋಗುತ್ತದಂತೆ! ನಾನು ಏಳಹೋದೆ. ಅಣ್ಣ ತೋಳು ಹಿಡಿದು ಕೂಡಿಸಿದ.

ಆಫೀಸರ್ ಜೀಪಿನತ್ತ ಹೊರಟರು. ಹೆಂಗಸರು ನಿಂತಿದ್ದ ಗೋಡೆಯ ಕಡೆಯಿಂದ ದನಿ ಬಂತು.

"ಸಾಹೇಬರ, ಒಂಚೂರು ನಿಂದರ್ರಿ."

ವೈನಿ! ಸೆರಗು ತಲೆಯ ಮೇಲಿತ್ತು.

"ನಮ್ಮ ಹುಡುಗ್ಯಾರ ಸಾಲಿ ಬಂದ್ ಆಗ್ಯಾದರಿ. ಪಾಟಿ ಹಿಡ್ಕೊಂಡು ಓಡ್ತಿದ್ದವರು ಈಗ ಕುರಿ ಹಿಂದ ಹೋಗ್ತಾರ. ನನ್ನ ಮಗಳು ದಿನಾ ಆ ಬೀಗ ಮುಟ್ಟಿ ನೋಡಿ ಬರ್ತಾಳ. ಯಾವಾಗ ತೆಗೀತಾರವ್ವಾ ಅಂತ ಕೇಳ್ತಾಳ. ಅಕಿಗಿ ನಾ ಏನ್ ಹೇಳ್ಲಿರಿ? ಕನ್ನಡ ರಾಜ್ಯ ಆಯ್ತು, ಅದಕ್ಕ ಸಾಲಿ ಮುಚ್ಯಾರ ಅಂತ ಹೇಳ್ಲೇನು?"

ಆಫೀಸರ್ ಗಂಡಸರತ್ತ ತಿರುಗಿದರು. "ಇಷ್ಟು ಹೊತ್ತು ಮಾತಾಡಿದಿರಲ್ಲ, ಇದನ್ನ ಯಾಕೆ ಒಬ್ಬರೂ ಹೇಳಲಿಲ್ಲ?"

ಉತ್ತರಕ್ಕೆ ಕಾಯದೆ ಡೈರಿ ತೆಗೆದು ಊರಿನ ಹೆಸರು ಬರೆದುಕೊಂಡರು.

ಈ ವಾರ ಟೀಚರ್ ಬಂದರು. ಶಾಲೆ ತೆರೆಯಿತು. ಅಣ್ಣನಿಗೆ ಖುಷಿಯಾಗಬೇಕಲ್ಲವೇ?

"ನಾಲ್ಕು ಮಂದಿಯೊಳಗ ನನ್ನ ತಲಿ ತಗ್ಗಿಸಿದಳು. ಎಲ್ಲಾ ನಿನ್ನ ಪುಸ್ತಕದ ಕರಾಮತ್ತು!"

"ನಿನ್ನ ಮಗಳು ಸಾಲಿಗಿ ಹೊಂಟಾಳಲ್ಲಣ್ಣಾ?"

"ಅದು ಬ್ಯಾರೆ ಮಾತು" ಎಂದು ಎದ್ದು ಹೋದವನು ಇನ್ನೂ ಮಾತಾಡಿಲ್ಲ.

ಹ್ಯಾಗೆ ತಿಳಿಸಿ ಹೇಳುವುದು ಇವನಿಗೆ? ವೈನಿ ಅಂದು ಯಾವ ಪದ್ಯವನ್ನೂ ಹೇಳಲಿಲ್ಲ. ಆಡಿದ್ದು ದಿನಾ ಒಲೆಯ ಮುಂದೆ ಆಡುವ ಮಾತು. ಯಾರೋ ತಮ್ಮೊಳಗಿನದನ್ನು ನಾಚಿಕೆಯಾದರೂ ಹೇಳಿಕೊಂಡದ್ದನ್ನು ಓದಿದಳು. ತನ್ನೊಳಗೂ ಹೇಳಬೇಕಾದದ್ದು ಇದೆ ಎಂದು ಗೊತ್ತಾಯಿತು. ಪದ್ಯ ಓದಿದರೆ ಹೊಟ್ಟೆ ತುಂಬುತ್ತದೆಯೇ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ನನ್ನಲ್ಲಿಲ್ಲ.

ನಿನ್ನೆ ಇನ್ನೊಂದು ಸುದ್ದಿ ಬಂತು. ಊರ ಹಿರಿಯರು ಹೊಸ ಟೀಚರನ್ನು ಕಂಡು ವಿನಂತಿ ಮಾಡಿಕೊಂಡರಂತೆ: "ಲೆಕ್ಕ ಕಲಸ್ರಿ ಅಕ್ಕೋರ, ಬರಿಯೋದು ಕಲಸ್ರಿ. ಪದ್ಯ ಮಾತ್ರ ಬ್ಯಾಡ್ರಿ. ನಾಳಿ ಹುಡುಗ್ಯಾರೂ ಎದುರು ಮಾತಾಡ್ತಾರ."

ಕಲಿತ ಮೇಲೂ ಸುಮ್ಮನೆ ಇರಬೇಕೆಂದರೆ, ಕಲಿಸುವುದಾದರೂ ಯಾಕ್ರಪ್ಪಾ?